ಮೈಲಿಗಲ್ಲಿನ ಬೆನ್ನು

ಜನವರಿ ೬

ನಾದಿನಿ ಇನ್ನೊಂದು ವಿಡಿಯೋ ಕಳಿಸಿದ್ದಾಳೆ. ನೋಡಬಾರದು ಎಂದುಕೊಂಡು ಎರಡು ಸಲ ನೋಡಿದೆ.

ಇದೆಲ್ಲ ಅವಳ ಗಂಡನ, ಅಂದರೆ ನನ್ನ ಷಡ್ಡಕನ ಹೊಸ ಹುಚ್ಚು. ನಿವೃತ್ತರಾದ ಮೇಲೆ ಕೆಲವರು ಗಿಡ ಬೆಳೆಸುತ್ತಾರೆ, ಕೆಲವರು ಪಕ್ಕದ ಮನೆಯವರ ತಲೆ ತಿನ್ನುತ್ತಾರೆ. ಇವನು ಹಳೇ ಹೆದ್ದಾರಿ ಹುಡುಕುತ್ತಾನೆ. ಹೊಸ ರಸ್ತೆ ಬಂದಾಗ ಹಳೆಯದನ್ನು ಯಾರೂ ಕಿತ್ತು ಹಾಕಲಿಲ್ಲ, ಸುಮ್ಮನೆ ಕೈಬಿಟ್ಟರು. ಈಗ ಅದು ಸಣ್ಣ ಸಣ್ಣ ಊರುಗಳೊಳಗೆ ಒಂದೊಂದು ತುಂಡಾಗಿ ಬಿದ್ದಿದೆ. ಆ ತುಂಡುಗಳ ಮೇಲೆ ಕಾರು ಓಡಿಸುವುದು, ಬಾಗಿಲು ಮುಚ್ಚಿದ ಲಾಡ್ಜು, ಪೆಟ್ರೋಲಿಲ್ಲದ ಪೆಟ್ರೋಲ್ ಬಂಕು, ಇಂಥವುಗಳ ಮುಂದೆ ಹೆಂಡತಿಯನ್ನು ನಿಲ್ಲಿಸಿ ಮಾತಾಡಿಸುವುದು, ಅದನ್ನು ಫೋನಿನಲ್ಲಿ ಹಿಡಿದು ಲೋಕಕ್ಕೆಲ್ಲ ಹಂಚುವುದು. ಮನಸ್ಸಿನಲ್ಲೇ ಅವನಿಗೆ ಡೈರೆಕ್ಟರ್ ಎಂದು ಹೆಸರಿಟ್ಟಿದ್ದೇನೆ. ಹಿಂದಿನಿಂದ "ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ" ಅನ್ನುತ್ತಿರುತ್ತಾನೆ. "ಎಡಕ್ಕೆ ಚರಂಡಿ ಇದೆ ಕಣ್ರೀ, ನನ್ನ ಬೀಳಿಸಿ ಇನ್ನೊಬ್ಬಳನ್ನ ತರೋ ಪ್ಲಾನಾ?" ಅನ್ನುತ್ತಾಳೆ ನಾದಿನಿ. ಅದನ್ನೂ ಕತ್ತರಿಸದೆ ಬಿಟ್ಟಿದ್ದಾನೆ. ಬೈಸಿಕೊಂಡದ್ದನ್ನು ಹೀಗೆ ಮೆರವಣಿಗೆ ಮಾಡುವವನನ್ನು ನಾನು ಬೇರೆ ಕಂಡಿಲ್ಲ. ನನ್ನನ್ನು ಬೈಯುತ್ತಿದ್ದವಳು ಹೋಗಿ ವರ್ಷ ದಾಟಿತು.

ವಿಷಯ ಅದಲ್ಲ. ಇವತ್ತಿನ ವಿಡಿಯೋದಲ್ಲಿ ನಾದಿನಿ ಒಂದು ಮೈಲಿಗಲ್ಲಿನ ಪಕ್ಕ ನಿಂತು ಹೇಳಿದಳು: "ನಮ್ಮಪ್ಪ ಈ ರಸ್ತೆಯ ಪೇಂಟರ್. ಕಲ್ಲಿಗೆಲ್ಲ ಬಣ್ಣ ಹೊಡೆದು ಅಂಕಿ ಬರಿಯೋರು. ರಜದಲ್ಲಿ ಅಕ್ಕ, ನಾನು ಜೊತೆಗೆ ಹೋಗ್ತಿದ್ವಿ. ಬಿಳಿ ಹೊಡೆದಾದ ಮೇಲೆ ಬ್ರಷ್ಷನ್ನ ಕಲ್ಲಿನ ಬೆನ್ನಿಗೆ ಒರೆಸೋರು. ಆ ಉಳಿದ ಬಣ್ಣದಲ್ಲಿ ನಾನು ಕೋಳಿ ಬರೀತಿದ್ದೆ. ಮೂರು ಕಾಲಿನ ಕೋಳಿ!"

ನಾನು ಅಂತೆ, ನಾನು!

ಆ ಕೋಳಿ ನನ್ನ ಹೆಂಡತಿಯದು. ಮದುವೆಯಾದ ಹೊಸತರಲ್ಲಿ ಅವಳು ನನಗೆ ಹೇಳಿದ ಮೊದಲ ಗುಟ್ಟು ಅದು. "ಯಾರೂ ಮೈಲಿಗಲ್ಲಿನ ಬೆನ್ನು ನೋಡಲ್ಲ ಗೊತ್ತಾ? ಅಲ್ಲೆಲ್ಲ ನನ್ನ ಕೋಳಿಗಳಿದಾವೆ" ಅಂದಿದ್ದಳು. ಆಮೇಲೆ ಬದುಕಿಡೀ ಬರೆದಳು. ಕನ್ನಡಿಯ ಮೇಲೆ ಆವಿ ಕೂತರೆ ಕೋಳಿ, ಹಿಟ್ಟು ಚೆಲ್ಲಿದರೆ ಕೋಳಿ, ಫೋನಿನಲ್ಲಿ ಮಾತಾಡುತ್ತಾ ಕೈಗೆ ಸಿಕ್ಕ ಚೀಟಿಯ ಮೇಲೆ ಕೋಳಿ. ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ, ಗೇಟಿಗೆ ಹೊಡೆದು ಉಳಿದ ಬಿಳಿ ಬಣ್ಣದಲ್ಲಿ ಬರೆದದ್ದು ಈಗಲೂ ಅಡುಗೆಮನೆಯಲ್ಲಿದೆ. ಅಚ್ಚುಕಟ್ಟಾದ ಮೂರು ಕಾಲು, ಪ್ರತಿ ಕಾಲಿಗೂ ಮೂರು ಬೆರಳು. ಇಷ್ಟು ಶ್ರದ್ಧೆಯಿಂದ ಬರೆಯುವವಳು ಕದ್ದು ಬರೆಯುತ್ತಾಳೆಯೇ?

ಹೊಟ್ಟೆಕಿಚ್ಚಿಗೆ ಒಂದು ಬಣ್ಣ ಇದೆಯೆಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳಿದ್ದರು. ಹಸಿರೋ ಹಳದಿಯೋ ಮರೆತಿದೆ. ನನ್ನದು ಬಿಳಿ.

ಜನವರಿ ೮

ಬೆಳಗ್ಗೆ ನಾದಿನಿಗೆ ಫೋನು ಮಾಡಿದೆ. "ಕೋಳಿ ಬರೆದದ್ದು ನೀನೋ, ನಿಮ್ಮಕ್ಕನೋ?" ಎಂದು ಸೀದಾ ಕೇಳಿದೆ.

"ನಾನೇ ಭಾವ. ಯಾಕೆ?"

"ಸುಮ್ಮನೆ ಕೇಳಿದೆ."

"ಊಟ ಆಯ್ತಾ?"

"ಗಂಟೆ ಒಂಬತ್ತು."

"ತಿಂಡಿ ಆಯ್ತಾ ಅಂದೆ ಅಂದ್ಕೊಳ್ಳಿ. ಏನ್ ತಿಂದ್ರಿ?"

ಬನ್ನು ತಿಂದಿದ್ದೆ, ಸಿಂಕಿನ ಹತ್ತಿರ ನಿಂತು. ಹೇಳಲಿಲ್ಲ. ಹಿಂದುಗಡೆ ಡೈರೆಕ್ಟರು ಕೂಗುತ್ತಿದ್ದ: "ಲೇ, ನನ್ನ ಮಂಡಿ ಎಣ್ಣೆ ಎಲ್ಲಿಟ್ಟೆ?" ಅವಳು ಫೋನು ಹಿಡಿದುಕೊಂಡೇ "ನಿಮ್ಮ ತಲೆ ಮೇಲೆ!" ಅಂದಳು. ನನಗೂ ಮಂಡಿ ನೋವಿದೆ. ನನ್ನ ಎಣ್ಣೆ ಎಲ್ಲಿದೆ ಎಂದು ನನಗೇ ಗೊತ್ತು, ಇಟ್ಟ ಕಡೆಯೇ ಇರುತ್ತದೆ. ಅದಕ್ಕಿಂತ ಬೇಸರದ ಸಂಗತಿ ಇನ್ನೊಂದಿಲ್ಲ.

ಜನವರಿ ೧೧

ಮುಂದಿನ ಭಾನುವಾರ ಅವರ ಜೊತೆ ಹೋಗುವುದೆಂದು ತೀರ್ಮಾನಿಸಿದೆ. ತಿರುಗಾಟಕ್ಕಲ್ಲ, ತಪಾಸಣೆಗೆ.

ನಾನು ಅಳತೆ-ತೂಕ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನು. ಅಂಗಡಿಯ ತೂಕದ ಬಟ್ಟು ಸರಿಯಿದೆಯೋ ಇಲ್ಲವೋ ಎಂದು ಬಾಯಿಮಾತಲ್ಲಿ ಒಪ್ಪಿಕೊಳ್ಳುವಂತಿಲ್ಲ. ಇಲಾಖೆಯ ಸ್ಟ್ಯಾಂಡರ್ಡ್ ಬಟ್ಟನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿ ಒಯ್ಯಬೇಕು, ಒಂದು ತಟ್ಟೆಯಲ್ಲಿ ಅದು, ಇನ್ನೊಂದರಲ್ಲಿ ಅಂಗಡಿಯವನದು. ಸಮ ನಿಂತರೆ ಮುದ್ರೆ, ಇಲ್ಲವಾದರೆ ಜಪ್ತಿ. ಈ ಕೋಳಿಯ ವಿಷಯದಲ್ಲೂ ಅದೇ ಕ್ರಮ. ಹಳೇ ರಸ್ತೆಯಲ್ಲಿ ಒಂದಾದರೂ ಕೋಳಿ ಉಳಿದಿದ್ದರೆ ಅದರ ಪಕ್ಕ ನನ್ನ ಮುಚ್ಚಳ ಇಡುತ್ತೇನೆ. ಕಂಪೇರ್ ಅಂಡ್ ಕಾಂಟ್ರಾಸ್ಟ್, ಹತ್ತು ಅಂಕ. ಒಂದೇ ಕೈ ಎಂದು ರುಜುವಾತಾದರೆ ಡೈರೆಕ್ಟರು ಅದೇ ಫೋನಿನಲ್ಲಿ, ಅದೇ ಜನರ ಮುಂದೆ, ಅವಳ ಹೆಸರು ಹೇಳಬೇಕು. ಅವಳದೆಂದು ಹೇಳಿಕೊಳ್ಳುವಂಥದ್ದು ಈ ಲೋಕದಲ್ಲಿ ಇನ್ನೇನು ಉಳಿದಿದೆ? ಸೀರೆಗಳನ್ನು ಕೊಟ್ಟಾಯಿತು. ಕನ್ನಡಕ ನನ್ನ ಹತ್ತಿರ ಇದೆ, ಅದರಲ್ಲಿ ನನಗೆ ಏನೂ ಕಾಣುವುದಿಲ್ಲ.

ಮುಚ್ಚಳವನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟಿದ್ದೇನೆ. ಡಬ್ಬಿ ಹೇಗೂ ಖಾಲಿ.

ಜನವರಿ ೧೮

ಮೊದಲ ತಪಾಸಣೆ. ಫಲಿತಾಂಶ ಶೂನ್ಯ.

ಹೊಸ ರಸ್ತೆಯಿಂದ ಕೆಳಗಿಳಿದು ಎರಡು ಊರು ನೋಡಿದೆವು. ಹಳೇ ಹೆದ್ದಾರಿ ಅಲ್ಲಿ ಬರೀ ಬೀದಿಯಾಗಿದೆ. ಎರಡೂ ಕಡೆ ಅಂಗಡಿಗಳು ಮಾತ್ರ ಈಗಲೂ ಲಾರಿಗಳಿಗೆ ದಾರಿ ಬಿಟ್ಟ ಹಾಗೆ ಹಿಂದಕ್ಕೆ ಸರಿದು ನಿಂತಿವೆ, ಬರದ ಅತಿಥಿಗೆ ಜಾಗ ಹಿಡಿದಂತೆ. ಪೆಟ್ರೋಲ್ ಬಂಕಿನ ಕ್ಯಾಬಿನ್ನಿನಲ್ಲಿ ಕ್ಷೌರದಂಗಡಿ. ನಾನು ಅಲ್ಲೇ ಗಡ್ಡ ಮಾಡಿಸಿಕೊಂಡೆ. "ಎಷ್ಟು ಹಾಕ್ಲಿ ಸಾರ್, ಫುಲ್ ಟ್ಯಾಂಕಾ?" ಎಂದು ಕ್ಷೌರಿಕ ಕೇಳಿದ. ಗಿರಾಕಿಗಳಿಗೆಲ್ಲ ಅದನ್ನೇ ಕೇಳುತ್ತಾನಂತೆ. ನಕ್ಕೆ. ನೆವರ್ದಲೆಸ್, ಅದು ಅಷ್ಟೇನೂ ದೊಡ್ಡ ಜೋಕಲ್ಲ.

ಮೈಲಿಗಲ್ಲು ಎರಡು ಸಿಕ್ಕವು. ಒಂದು, ಸೈಕಲ್ ಅಂಗಡಿಯ ಮೆಟ್ಟಿಲು. ಮುಖ ಮೇಲೆ, ಬೆನ್ನು ಮಣ್ಣಿನಲ್ಲಿ. ಇನ್ನೊಂದು ಬಟ್ಟೆ ಒಗೆಯುವ ಕಲ್ಲು. ಬೆನ್ನನ್ನು ವರ್ಷಗಟ್ಟಲೆ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದಾರೆ. ನಾದಿನಿ ಆ ಕಲ್ಲನ್ನು ಸವರಿ, "ಇಲ್ಲೇ ಅಕ್ಕ ನನ್ನ ಚಪ್ಪಲಿ ಎತ್ತಿ ಪೊದೆಗೆ ಎಸೆದಿದ್ದು" ಎಂದಳು.

ನನಗೆ ಚುರ್ರೆಂದಿತು. ಚಪ್ಪಲಿಯ ಕಥೆ ನನಗೆ ಗೊತ್ತೇ ಇರಲಿಲ್ಲ. ನನಗಿಂತ ಮುಂಚೆ ಇವಳಿಗೆ ಅವಳು ಎಷ್ಟೊಂದು ವರ್ಷ ಸಿಕ್ಕಿದ್ದಳು. ಒಂದೇ ಚಾಪೆ, ಒಂದೇ ಬಾಚಣಿಗೆ, ಒಂದೇ ಬೈಗುಳ. ಅದೆಲ್ಲ ಸಾಲದೆ ಕೋಳಿಯೂ ಬೇಕಂತೆ.

ಜನವರಿ ೨೫

ಇವತ್ತು ಮಾತು ಮೀರಿತು.

ಮೂರನೆಯ ಊರು. ಸೇತುವೆಯ ಹತ್ತಿರ ಒಂದು ಕಲ್ಲು ನೆಟ್ಟಗೆ ನಿಂತಿತ್ತು. ಬೆನ್ನ ಮೇಲೆ ಪಾಚಿ ಬಿಟ್ಟರೆ ಏನೂ ಇಲ್ಲ. ಡೈರೆಕ್ಟರು ಫೋನು ಎತ್ತಿ, "ಲೇ, ಆ ಕೋಳಿ ಕಥೆ ಇನ್ನೊಂದ್ಸಲ ಹೇಳು, ಜನ ಕೇಳ್ತಿದಾರೆ. ಸ್ವಲ್ಪ ಎಡಕ್ಕೆ" ಅಂದ. ಅವಳು ಶುರುಮಾಡಿದಳು. ನಾನು ನಡುವೆ ನುಗ್ಗಿದೆ.

"ಸುಳ್ಳು. ಆ ಕೋಳಿ ನನ್ನ ಹೆಂಡತಿಯದು. ಸತ್ತವಳು ಎದ್ದು ಬಂದು ಕೇಳಲ್ಲ ಅಂತ ಏನು ಬೇಕಾದರೂ ನಿಮ್ಮದು ಮಾಡ್ಕೋಬಹುದಾ?"

ಡೈರೆಕ್ಟರು ಫೋನು ಇಳಿಸಿದ. "ಅಣ್ಣಾ, ಒಂದು ಕೋಳಿಗೆ..." ಎಂದು ಶುರುಮಾಡಿ ನಿಲ್ಲಿಸಿದ. ನಾದಿನಿ ನನ್ನನ್ನೇ ನೋಡಿದಳು. ನೋಡುವಾಗ ಹುಬ್ಬು ಅಕ್ಕನ ಹಾಗೇ ಮೇಲೆ ಹೋಯಿತು. ಅದೂ ಇವಳ ಹತ್ತಿರ ಇದೆ! "ಕಾರಲ್ಲಿ ನೀರಿದೆ ಭಾವ, ಕುಡೀರಿ" ಎಂದಳು, ಅಷ್ಟೇ.

ವಾಪಸು ಹೊರಟೆವು. ಮುಂದಿನ ಸೀಟುಗಳಲ್ಲಿ ಗಂಡ ಹೆಂಡತಿ ಎರಡು ತೂಕದ ಬಟ್ಟುಗಳ ಹಾಗೆ ಕೂತಿದ್ದರು. ಒಂದು ತಿರುವಿನಲ್ಲಿ ಅವನು ದಾರಿ ತಪ್ಪಿದ, ಅವಳು ಬೈಯಲಿಲ್ಲ. ಗೆದ್ದೆನೆಂದು ಅನ್ನಿಸಬೇಕಿತ್ತು. ಅವಳು ಬೈಯಲಿ ಎಂದು ಕಾಯುತ್ತಾ ಕೂತೆ.

ಫೆಬ್ರವರಿ ೧

ಭಾನುವಾರ. ಕರೆಯಲಿಲ್ಲ. ಬನ್ನು.

ಫೆಬ್ರವರಿ ೪

ಅವರು ವಿಡಿಯೋವನ್ನೂ ಕಳಿಸಿಲ್ಲ. ಹಳೆಯ ವಿಡಿಯೋಗಳನ್ನು ನೋಡಿದೆ. ಚರಂಡಿಯದನ್ನು.

ಫೆಬ್ರವರಿ ೫

ಡೈರೆಕ್ಟರೇ ಫೋನು ಮಾಡಿದ. ಏನೂ ನಡೆದೇ ಇಲ್ಲವೆಂಬಂತೆ ಜೋರು ದನಿ.

"ಅಣ್ಣಾ, ನಮ್ಮ ವಿಡಿಯೋ ನೋಡಿದ ಯಾರೋ ಬರೆದಿದ್ದಾರೆ. ಒಂದೂರಲ್ಲಿ ಕೋಳಿ ಬೇಕರಿ ಅಂತ ಇದೆಯಂತೆ. ಬೋರ್ಡಲ್ಲಿ ಬೇರೆ ಹೆಸರು, ಜನ ಕರೆಯೋದು ಹಾಗೆ. ಅಲ್ಲಿ ಕೋಳಿನೂ ಮಾರಲ್ಲ, ಮೊಟ್ಟೆನೂ ಇಲ್ಲ. ಆದ್ರೆ ಗೋಡೆಯಲ್ಲಿ ಮೈಲಿಗಲ್ಲಿದೆಯಂತೆ!"

"ನಿನ್ನ ಹೆಂಡತಿಗೆ ಗೊತ್ತಾ?"

"ಅವಳೇ ಹೇಳಿದ್ದು. 'ಭಾವಂಗೆ ಮುಚ್ಚಳ ತರೋಕೆ ಹೇಳಿ' ಅಂತ."

ಮುಚ್ಚಳದ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಕಾರಿನಲ್ಲಿ ಟವೆಲು ಬಿಚ್ಚಿ ಬಿಚ್ಚಿ ನೋಡುತ್ತಿದ್ದುದನ್ನು ಹಿಂದೆ ನೋಡುವ ಕನ್ನಡಿಯಲ್ಲಿ ಇಬ್ಬರೂ ಕಂಡಿದ್ದರಂತೆ.

ಫೆಬ್ರವರಿ ೮

ಬರೆಯುವುದು ಬಹಳ ಇದೆ. ಕ್ರಮವಾಗಿ ಬರೆಯುತ್ತೇನೆ, ಇನ್ ದಿ ಫಸ್ಟ್ ಪ್ಲೇಸ್ ಎಂದು ಶುರುಮಾಡಿ.

ಬೇಕರಿ ಹಳೇ ಹೆದ್ದಾರಿಯ ಅಂಚಿಗೇ ಇದೆ. ಕಟ್ಟುವಾಗ ಮೈಲಿಗಲ್ಲು ಅಡ್ಡ ಬಂತಂತೆ. ಸರ್ಕಾರದ ಕಲ್ಲು, ಕೀಳುವ ಹಾಗಿಲ್ಲ. ಆದ್ದರಿಂದ ಅದನ್ನೇ ಸೇರಿಸಿಕೊಂಡು ಗೋಡೆ ಎಬ್ಬಿಸಿದ್ದಾರೆ. ಕಲ್ಲಿನ ಮುಖ ಹೊರಗೆ ಬೀದಿಗೆ, ಬೆನ್ನು ಒಳಗೆ ಉಗ್ರಾಣಕ್ಕೆ. ಮುಖ ಬಿಸಿಲಿಗೆ ಬೆಂದು ಊರಿನ ಹೆಸರೂ ಅಂಕಿಯೂ ಹೋಗಿವೆ. ಬೇಕರಿಯ ಯಜಮಾನಿ ಕೈಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತಾ ಬಂದು, "ಕೋಳಿ ನೋಡೋಕೆ ಬಂದ್ರಾ? ಬನ್ನಿ, ಮೂಟೆ ಸರಿಸ್ತೀನಿ. ಸುಣ್ಣ ಹೊಡೆಯೋವಾಗ ನಮ್ಮತ್ತೆ ಅದೊಂದನ್ನ ಬಿಟ್ಟು ಹೊಡೆಸ್ತಿದ್ರು, ನಾನೂ ಹಾಗೇ ನಡೆಸ್ಕೊಂಡು ಬಂದಿದೀನಿ" ಅಂದಳು.

ಮೈದಾ ಮೂಟೆಗಳು ಸರಿದವು. ಇತ್ತು. ಅಂಗೈಯಗಲದ ಬಿಳಿ ಕೋಳಿ, ನಿನ್ನೆ ಬರೆದ ಹಾಗೆ.

ಟವೆಲು ಬಿಚ್ಚಿ ಮುಚ್ಚಳವನ್ನು ಕಲ್ಲಿನ ಪಕ್ಕ ಹಿಡಿದೆ. ಅದೇ ಬಾಲ. ಅದೇ ಗಿಡ್ಡ ಕೊಕ್ಕು. ಅದೇ ಮೂರು ಕಾಲು. "ನೋಡು!" ಎಂದು ತಿರುಗಬೇಕು, ಅಷ್ಟರಲ್ಲಿ ಕಣ್ಣು ಕೆಳಕ್ಕೆ ಹೋಯಿತು. ಇನ್ಸ್‌ಪೆಕ್ಟರನ ಕಣ್ಣು, ಹಾಳಾದ್ದು.

ಕಲ್ಲಿನ ಕೋಳಿಗೆ ಎರಡು ಕಾಲಿನಲ್ಲಿ ಮಾತ್ರ ಬೆರಳಿತ್ತು. ಮೂರನೆಯದು ಹೊಟ್ಟೆಯಿಂದ ಹೊರಟು, ಸಪೂರವಾಗಿ, ಸ್ವಲ್ಪ ವಾಲಿ, ಕೊನೆಯಲ್ಲಿ ಒಂದು ಹನಿಯಾಗಿ ನಿಂತಿತ್ತು. ಅದು ಕಾಲೇ ಅಲ್ಲ. ಬಣ್ಣ ಹೆಚ್ಚಾಗಿ ಸೋರಿದ್ದು.

ಬರೆದವಳಿಗೆ ಅದು ಸೋರಿದ ಬಣ್ಣ ಎಂದು ಗೊತ್ತಿರುತ್ತದೆ. ಅದನ್ನು ಕಾಲೆಂದುಕೊಂಡು ಬೆರಳು ಹಾಕುವವಳು, ಆಮೇಲೆ ಯಾವತ್ತೋ ಒಬ್ಬಳೇ ಬಂದು, ನೋಡಿ, ಬಾಯಿಪಾಠ ಮಾಡಿಕೊಂಡು ಹೋದವಳು. ನನ್ನ ಮುಚ್ಚಳದ ಕೋಳಿಗೆ ಮೂರು ಕಾಲಿನಲ್ಲೂ ಮೂರು ಮೂರು ಬೆರಳು.

ಮುಚ್ಚಳವನ್ನು ಮೆಲ್ಲನೆ ಟವೆಲಿನೊಳಗೆ ತೂರಿಸುತ್ತಿದ್ದೆ. ನಾದಿನಿ ಕೈ ಚಾಚಿದಳು. "ಕೊಡಿ ಭಾವ."

ಕೊಡದೆ ಏನು ಮಾಡಲಿ? ಅವಳು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಭುಜ ಕುಣಿಯತೊಡಗಿತು. ಅಳುತ್ತಿದ್ದಾಳೆಂದುಕೊಂಡೆ, ನಗುತ್ತಿದ್ದಳು. ಆಮೇಲೆ ಅತ್ತಳು, ಅದು ಬೇರೆ.

"ಬೆರಳು ಹಾಕಿದಾಳೆ ನೋಡ್ರೀ! ಬಣ್ಣ ಸೋರಿದ್ದಕ್ಕೂ ಬೆರಳು ಹಾಕಿದಾಳೆ ನಮ್ಮಕ್ಕ!"

"ಅವಳು ನನಗೆ..." ಎಂದೆ.

"ಭಾವ, ಇಲ್ಲಿ ಕೇಳಿ. ಅಕ್ಕನ ಕೆಲಸ ದಾರ ಹಿಡಿಯೋದು. ಅಪ್ಪ ದಾರಕ್ಕೆ ಇದ್ದಿಲಪುಡಿ ಸವರಿ ಒಂದು ತುದಿ ಅವಳಿಗೆ ಕೊಡೋರು, ಇನ್ನೊಂದು ತಾನು ಹಿಡಿದು ಬಿಗಿ ಮಾಡಿ ಮೀಟೋರು. ಕಲ್ಲಿನ ಮೇಲೆ ಗೆರೆ ಬೀಳೋದು. ಆ ಗೆರೆ ಮೇಲೆ ಅಂಕಿ. 'ನನ್ನ ದೊಡ್ಡ ಮಗಳು ಹಿಡಿದ್ರೆ ಗೆರೆ ಅಲ್ಲಾಡಲ್ಲ' ಅಂತ ದಾರೀಲಿ ಹೋಗೋ ಲಾರಿಯವರಿಗೆಲ್ಲ ಕೂಗಿ ಹೇಳೋರು. ನನಗೆ ಡಬ್ಬ ಹಿಡಿಯೋ ಕೆಲಸ. ಅವರಿಬ್ಬರೂ ಮುಂದೆ, ನಾನು ಹಿಂದೆ. ಹೊಟ್ಟೆ ಉರ್ಕೊಂಡು ಕೂತು ಈ ಕೋಳಿ ಬರೀತಿದ್ದೆ. ಬಣ್ಣ ಸೋರಿದ್ರೆ ಅದನ್ನೇ ಮೂರನೇ ಕಾಲು ಅಂತ ತಮಾಷೆ ಮಾಡ್ತಿದ್ದೆ. ಅವಳು ಒಂದ್ಸಲನೂ ತಿರುಗಿ ನೋಡಲಿಲ್ಲ ಅಂದ್ಕೊಂಡಿದ್ದೆ."

"ಅವಳಿಗೆ ಬ್ರಷ್ ಸಿಗಲಿಲ್ಲ" ಎಂದೆ.

"ಕೇಳಿದ್ರೆ ಕೊಡ್ತಿದ್ದೆ. ಇಲ್ಲ, ಕೊಡ್ತಿರಲಿಲ್ಲ" ಎಂದು ಮೂಗು ಒರೆಸಿಕೊಂಡಳು.

ದಾರದ ವಿಷಯ ನನ್ನವಳು ನನಗೆ ಒಂದು ದಿನವೂ ಹೇಳಿರಲಿಲ್ಲ. ಅಪ್ಪ ಲಾರಿಯವರಿಗೆಲ್ಲ ಕೂಗಿ ಹೇಳಿದ್ದನ್ನು ನುಂಗಿಬಿಟ್ಟಳು. ತಂಗಿಯ ಕೋಳಿಯನ್ನು ಮಾತ್ರ ತನ್ನದೆಂದು ನನ್ನ ಕೈಗಿಟ್ಟಳು. ನಾನು ಪರೀಕ್ಷೆ ಮಾಡದೆ ಮುದ್ರೆ ಒತ್ತಿದ ತೂಕ ಅದೊಂದೇ. ಹೊಟ್ಟೆಕಿಚ್ಚು ನನ್ನ ಮನೆಯಲ್ಲಿ ನನ್ನೊಬ್ಬನದೇ ಸೊತ್ತು ಎಂದುಕೊಂಡಿದ್ದೆ. ಅಷ್ಟು ವರ್ಷ ಪಕ್ಕದಲ್ಲೇ ಕೂತು, ಫೋನಿನಲ್ಲಿ ತಂಗಿಯ ಜೊತೆ ನಗುತ್ತಾ ಮಾತಾಡುತ್ತಾ, ಚೀಟಿಯ ಮೇಲೆ ಅವಳದೇ ಕೋಳಿ ಗೀಚುತ್ತಿದ್ದಳಲ್ಲ, ಕಳ್ಳಿ! ಕೋಪ ಬರಲಿಲ್ಲ. ಬರಬೇಕಿತ್ತು. ಅವಳು ಬಾಗಿಲ ಹಿಂದೆ ಅವಿತಿದ್ದು, ಕಾಲು ಮಾತ್ರ ಕಾಣಿಸಿ ಸಿಕ್ಕಿಬಿದ್ದ ಹಾಗಿತ್ತು.

ಬೇಕರಿಯ ಯಜಮಾನಿ ನಾಲ್ಕು ಟೀ ತಂದಳು. ಬಿಸಿ ಬ್ರೆಡ್ಡು, ಕೈಯಲ್ಲೇ ಮುರಿದದ್ದು. ಡೈರೆಕ್ಟರು ಇಷ್ಟು ಹೊತ್ತೂ ಫೋನನ್ನು ಜೇಬಿನಿಂದ ತೆಗೆದಿರಲಿಲ್ಲ. ಈಗ ಗಮನಿಸಿದೆ.

ಆಮೇಲೆ ನಾದಿನಿ ಹೊರಗೆ ಹೋಗಿ ಕಲ್ಲಿನ ಮುಖ ನೋಡುತ್ತಾ ನಿಂತಳು. "ಇದನ್ನ ಬರೆದುಬಿಡೋಣ ರೀ. ಅಪ್ಪನ ಕಲ್ಲು ಹೀಗೆ ಕುರುಡಾಗಿ ನಿಂತಿದೆ."

"ಸರ್ಕಾರದ್ದು ಕಣೇ."

"ಸರ್ಕಾರ ಮರೆತಿದೆ ಬಿಡಿ. ಹೋಗಿ ಬಣ್ಣ ತನ್ನಿ. ಬ್ರಷ್ ಎರಡು. ದಾರ ಮರೀಬೇಡಿ."

ಅವನು ದಾರ ಮರೆತು ಬಂದ. ಬೈಸಿಕೊಂಡ. ಬೇಕರಿಯಲ್ಲಿ ಬ್ರೆಡ್ಡಿನ ಪೊಟ್ಟಣ ಕಟ್ಟುವ ದಾರ ಸಿಕ್ಕಿತು, ಒಲೆಯ ಇದ್ದಿಲೂ ಸಿಕ್ಕಿತು. ಬಿಳಿ ಬಣ್ಣ ಹೊಡೆದು ಒಣಗಿಸಿದ ಮೇಲೆ ನಾದಿನಿ ಗಂಡನ ಕೈಗೆ ದಾರದ ತುದಿ ಕೊಡಲು ಹೋದವಳು, ಕೊಡದೆ, ನನ್ನ ಕಡೆ ತಿರುಗಿದಳು.

"ಭಾವ, ನೀವು ಹಿಡೀರಿ."

ಮಂಡಿ ಊರಿ ಕೂತು, ಕಲ್ಲಿನ ಎಡ ಅಂಚಿಗೆ ಹೆಬ್ಬೆರಳು ಒತ್ತಿ ಹಿಡಿದೆ. ಹಿಡಿದ ಮೇಲೆ ಗೊತ್ತಾಯಿತು, ಇದು ಸುಲಭದ ಕೆಲಸವಲ್ಲ. ಆ ತುದಿಯಲ್ಲಿ ಎಳೆಯುತ್ತಾರೆ, ಈ ತುದಿ ಬಿಡುವಂತಿಲ್ಲ. ಉಸಿರಾಡಿದರೂ ದಾರಕ್ಕೆ ಗೊತ್ತಾಗುತ್ತದೆ. ನನ್ನವಳು ಇದನ್ನು ಇಡೀ ರಜ, ಇಡೀ ರಸ್ತೆ, ಬಿಸಿಲಲ್ಲಿ ಕೂತು ಹಿಡಿದಿದ್ದಳು, ಹಿಂದೆ ತಂಗಿ ಏನೋ ಬರೆಯುತ್ತಿರುವುದು ಕೇಳಿಸುತ್ತಾ, ತಿರುಗಿ ನೋಡದೆ.

"ಅಲ್ಲಾಡಿಸ್ಬೇಡಿ ಭಾವ."

"ಅಲ್ಲಾಡ್ತಿಲ್ಲ. ನೀನು ಮೀಟು."

ಟಪ್ ಎಂದಿತು. ಕಪ್ಪು ಗೆರೆ ಬಿತ್ತು. ನಾದಿನಿ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದಳು. ಬೀದಿಯಲ್ಲಿ ಒಂದು ಟ್ರ್ಯಾಕ್ಟರು ಹೋಗುತ್ತಿತ್ತು. ಅವಳು ಅದರ ಡ್ರೈವರಿಗೆ ಕೂಗಿದಳು: "ನೋಡಪ್ಪಾ, ನಮ್ಮ ಭಾವ ಹಿಡಿದ್ರೆ ಗೆರೆ ಅಲ್ಲಾಡಲ್ಲ!" ಅವನು ಹಾರನ್ನು ಹೊಡೆದು ಹೋದ. ನನ್ನ ಕಣ್ಣಿಗೆ ಇದ್ದಿಲಪುಡಿ ಬಿದ್ದಿತ್ತು.

ಊರಿನ ಹೆಸರು, ಯಜಮಾನಿ ನೆನಪಿನಿಂದ ಹೇಳಿದ ಅಂಕಿ ಬರೆದದ್ದಾಯಿತು. ನಾದಿನಿ ಬಿಳಿ ಬಣ್ಣದ ಬ್ರಷ್ಷನ್ನು ಡಬ್ಬದ ಅಂಚಿಗೆ ಒರೆಸಲು ಹೋಗಿ ನಿಂತಳು. "ಬೆನ್ನಿಗೆ ಒರೆಸಬೇಕು" ಎಂದು ನನ್ನ ಕೈಗೆ ಕೊಟ್ಟಳು. "ಒಳಗೆ ಹೋಗಿ. ಮೂರನೇ ಕಾಲಿಗೆ ಬೆರಳು ಹಾಕಿ. ಅಕ್ಕನ ಪಾಲು."

ನಾನು ಯಜಮಾನಿಯ ಮುಖ ನೋಡಿದೆ. ಅವರ ಮನೆಯ ಕೋಳಿ ಅಲ್ಲವೇ?

"ಹಾಕಿ ಹಾಕಿ" ಅಂದಳು ಆಕೆ. "ನಮ್ಮತ್ತೆ ಕಾಲದಿಂದ ಕುಂಟ್ತಾ ನಿಂತಿದೆ ಪಾಪ."

ಮೂರು ಬೆರಳು ಹಾಕಿದೆ. ಇದೂ ಒಂದು ಕಳ್ಳ ಮುದ್ರೆಯೇ. ನೆವರ್ದಲೆಸ್, ಹಾಕಿದೆ.

ಹೆಬ್ಬೆರಳಿನ ಇದ್ದಿಲು ಇನ್ನೂ ಹೋಗಿಲ್ಲ. ಈ ಪುಟದ ಅಂಚಿಗೂ ಹತ್ತಿದೆ.

ಫೆಬ್ರವರಿ ೧೧

ಹಿಟ್ಟು ತಂದು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದೆ. ಆ ಹಿಟ್ಟಿನಲ್ಲಿ ಏನು ಮಾಡಬೇಕೋ ಗೊತ್ತಿಲ್ಲ. ನಾದಿನಿಯನ್ನು ಕೇಳಿದರೆ ಹೇಳುತ್ತಾಳೆ, ಬೈದು ಹೇಳುತ್ತಾಳೆ.

ವಿಡಿಯೋ ಬಂತು. ಎಷ್ಟು ಸಲ ನೋಡಿದೆನೋ. ನಾದಿನಿ ಕೋಳಿಯ ಪಕ್ಕ ನಿಂತು, "ಇದು ನಾನೂ ನಮ್ಮಕ್ಕನೂ ಬರೆದ ಕೋಳಿ" ಎನ್ನುತ್ತಾಳೆ. ಮುಚ್ಚಳದ ಮಾತೇ ಇಲ್ಲ. ಕೊನೆಯಲ್ಲಿ ನಾನಿದ್ದೇನೆ, ಬ್ರಷ್ ಹಿಡಿದು ಬಗ್ಗಿರುವುದು. ಬೆನ್ನು ಮಾತ್ರ ಬಂದಿದೆ.

ನಡುವಿನ ಬೆರಳು ಕೊಂಚ ಎಡಕ್ಕೆ ಸೊಟ್ಟಗಾಗಿದೆ. ನನ್ನ ತಪ್ಪಲ್ಲ. ಸರಿಯಾಗಿ ಆ ಗಳಿಗೆಯಲ್ಲೇ ಡೈರೆಕ್ಟರು ಹಿಂದಿನಿಂದ "ಅಣ್ಣಾ, ಸ್ವಲ್ಪ ಎಡಕ್ಕೆ" ಅಂದದ್ದು ವಿಡಿಯೋದಲ್ಲೇ ಕೇಳಿಸುತ್ತದೆ. "ಎಡಕ್ಕೆ ಮೂಟೆ ಇದೆ ಕಣಯ್ಯಾ!" ಎಂದು ನಾನು ಬೈದದ್ದೂ ಕೇಳಿಸುತ್ತದೆ. ಕತ್ತರಿಸದೆ ಬಿಟ್ಟಿದ್ದಾನೆ.